ಬಳಿ ಇಲ್ಲದ ಹುಡುಗ

ಐದು ತಿಂಗಳ ಬಸುರಿಗೆ ನಾನು ಗಂಡು ಹುಡುಕಿಕೊಟ್ಟೆ. ಬೇಕೆಂದು ಮಾಡಿದ್ದಲ್ಲ. ಕಾವೂರಿನ ಪ್ರಾಪ್ತಿ ಎಂಬ ಹುಡುಗಿಯ ನಂಬರನ್ನು ಸುರತ್ಕಲ್ಲಿನ ಒಂದು ಮನೆಗೆ ಕೊಟ್ಟಿದ್ದೆ. ಅವರು ಶ್ರದ್ಧೆಯಿಂದ ಫೋನ್ ಮಾಡಿ, ಹುಡುಗಿ ನೋಡಲು ಯಾವಾಗ ಬರಬಹುದು ಎಂದು ಕೇಳಿದರು. ಫೋನ್ ಎತ್ತಿದ್ದು ಅವಳ ಗಂಡ. ಆಮೇಲೆ ಆ ಗಂಡ ನನಗೆ ಫೋನ್ ಮಾಡಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವನ ತಪ್ಪೇನೂ ಇಲ್ಲ ಬಿಡಿ. ಅವನಿಗೆ ಆ ಹುಡುಗಿಯನ್ನು ಕೊಡಿಸಿದವಳೂ ನಾನೇ, ಅವರ ಮದುವೆಯಲ್ಲಿ ಎರಡೆರಡು ಸಲ ಪಾಯಸ ಹಾಕಿಸಿಕೊಂಡವಳೂ ನಾನೇ.

ಕುಲಶೇಖರದಲ್ಲಿ ಮದುವೆ ಮಾಹಿತಿ ಕೇಂದ್ರ ನಡೆಸುವ ಹೇಮಾಕ್ಷಿ ಎಂದರೆ ಆಚೀಚೆ ಎಲ್ಲರಿಗೂ ಗೊತ್ತು. ಕೋಪ ಮೂಗಿನ ತುದಿಯಲ್ಲಿ ಎಂಬುದೂ ಗೊತ್ತು. ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಮೊದಲು ಅಲ್ಲಿ ಮುಖೇಶ್ ಎಂಬ ಹುಡುಗ ಕೆಲಸಕ್ಕಿದ್ದ. ಅವನು ಕಂಪ್ಯೂಟರಿನಲ್ಲಿ ಒಂದು ಉದ್ದದ ಪಟ್ಟಿ ಮಾಡಿಟ್ಟು ದುಬಾಯಿಗೆ ಹೋದ. ಆ ಪಟ್ಟಿಯಲ್ಲಿ ಒಬ್ಬಳೇ ಪ್ರಾಪ್ತಿ ಮೂರು ಸಾಲುಗಳಲ್ಲಿದ್ದಳು. ತಾಯಿ ಹೆಸರು ಕೊಟ್ಟಾಗ ಒಂದು, ಮಾವ ಬಂದು ಕೊಟ್ಟಾಗ ಇನ್ನೊಂದು, ಹೊಸ ಫೋಟೊ ಬಂದಾಗ ಮತ್ತೊಂದು. ಮದುವೆಯಾದ ಮೇಲೆ ಒಂದು ಸಾಲಿಗೆ ಮಾತ್ರ 'ಆಯಿತು' ಎಂದು ಬರೆದಿದ್ದೆವು.

ನನ್ನ ಮಗಳು ನಿರೀಕ್ಷಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ, ಮೂರರಲ್ಲಿ ಒಬ್ಬಳಿಗೆ ಮದುವೆ ಮಾಡಿಸಿದ್ದೀ. ಇನ್ನು ಇಬ್ಬರು ಬಾಕಿ ಉಂಟು!"

"ನೀನು ಸೇರಿದರೆ ಮೂವರು," ಎಂದೆ. ಇಪ್ಪತ್ತೆಂಟಾಯಿತು ಅವಳಿಗೆ. ಕಂಕನಾಡಿಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಊರಿನವರ ಮೊಣಕಾಲೆಲ್ಲ ಸರಿ ಮಾಡುತ್ತಾಳೆ. ಗಂಡು ನೋಡೋಣವೇ ಎಂದರೆ ಮಾತ್ರ ಅವಳಿಗೆ ತುರ್ತಾಗಿ ಬಟ್ಟೆ ಒಗೆಯಲಿಕ್ಕಿರುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಜನ ನನ್ನನ್ನು ನೋಡಿಯೇ ಹೇಳಿರಬೇಕು.

ಅವಳ ನಗು ನೋಡಿ ನನಗೆ ಹಟ ಬಂತು. ಕುಲಶೇಖರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಡೆರಿಲ್ ಎಂಬ ಮೇಷ್ಟ್ರು ಶನಿವಾರ ಭಾನುವಾರ ಮಧ್ಯಾಹ್ನದ ಮೇಲೆ ಡೇಟಾಬೇಸ್ ಕಲಿಸುತ್ತಾನೆಂದು ಬೋರ್ಡು ನೋಡಿದ್ದೆ. ಹೋಗಿ ಸೇರಿಕೊಂಡೆ. ಕ್ಲಾಸಿನಲ್ಲಿ ಕಾಲೇಜು ಮಕ್ಕಳ ನಡುವೆ ಸ್ವಲ್ಪ ವಯಸ್ಸಾದವರು ನಾವಿಬ್ಬರೇ. ನಾನು, ಮತ್ತು ಸ್ವಂತ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ರೈಹಾನಾ. ನಾವು ಒಂದೇ ಬೆಂಚಿನಲ್ಲಿ ಕೂತೆವು.

ಮೊದಲ ದಿನ ಕಂಪ್ಯೂಟರ್ ಮುಟ್ಟಲಿಕ್ಕೇ ಬಿಡಲಿಲ್ಲ ಆ ಹುಡುಗ. "ಪೇಪರ್ ತೆಗೀರಿ. ನಿಮ್ಮ ಕೆಲಸದಲ್ಲಿ ಯಾರೆಲ್ಲ ಬರ್ತಾರೆ, ಎಂತೆಲ್ಲ ನಡೀತದೆ ಅಂತ ಚಿತ್ರ ಮಾಡಿ," ಎಂದ. "ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಹೇಮಕ್ಕ. ಒಂದು ಸಂಗತಿಯನ್ನು ಒಂದೇ ಕಡೆ ಬರೀಬೇಕು. ಎರಡು ಕಡೆ ಬರೆದ್ರೆ ಒಂದಲ್ಲ ಒಂದು ದಿನ ಅವೆರಡು ಜಗಳ ಆಡ್ತವೆ."

"ನಮ್ಮ ಕಸುಬಿನಲ್ಲಿ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಮಾರಾಯ. ಆ ಸಾವಿರವನ್ನೂ ಒಂದೇ ಕಡೆ ಬರೀಬೇಕಾ?" ಎಂದು ಕೇಳಿದೆ. ಮಕ್ಕಳೆಲ್ಲ ನಕ್ಕರು. ಡೆರಿಲ್ ನಗದೆ, "ಹೌದು, ಸುಳ್ಳಾದ್ರೂ ಒಂದೇ ಕಡೆ," ಎಂದ. ಆವತ್ತಿನಿಂದ ಅವನ ಮೇಲೆ ನನಗೆ ಪ್ರೀತಿ.

ಬೇರೆಯವರು ಕಷ್ಟಪಟ್ಟದ್ದು ನನಗೆ ಸುಲಭವಾಯಿತು. ಒಬ್ಬ ಹುಡುಗ ಹಲವು ಹುಡುಗಿಯರನ್ನು ನೋಡುತ್ತಾನೆ, ಒಬ್ಬಳು ಹುಡುಗಿಯನ್ನು ಹಲವು ಹುಡುಗರು ನೋಡುತ್ತಾರೆ. ಪಟ್ಟಿಗೆ ಅಲ್ಲಿ ಟೇಬಲ್ ಎನ್ನುತ್ತಾರೆ. ಇದನ್ನು ಹುಡುಗನ ಟೇಬಲಿನಲ್ಲೂ ಬರೆಯುವಂತಿಲ್ಲ, ಹುಡುಗಿಯ ಟೇಬಲಿನಲ್ಲೂ ಬರೆಯುವಂತಿಲ್ಲ. ನಡುವೆ ಮೂರನೆಯ ಟೇಬಲ್ ಒಂದು ಬೇಕು. ಯಾರು ಯಾರನ್ನು ಯಾವತ್ತು ನೋಡಿದರು, ಕೊನೆಗೆ ಏನಾಯಿತು ಎಂದು ಅದರಲ್ಲಿರಬೇಕು. ಕಾಲೇಜು ಮಕ್ಕಳು ತಲೆ ಕೆರೆದುಕೊಳ್ಳುತ್ತಿರುವಾಗ ನಾನು ಕೈ ಎತ್ತಿ, "ಆ ನಡುವಿನ ಟೇಬಲ್ ನಾನೇ," ಎಂದೆ. ಇಪ್ಪತ್ತು ವರ್ಷದಿಂದ ಎರಡು ಕಡೆಯವರ ನಡುವೆ ಕೂತು ಎರಡೂ ಕಡೆಯ ಅವಲಕ್ಕಿ ತಿಂದವಳು ನಾನು. ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ ಡೆರಿಲ್ ಒಂದೊಂದೇ ಕಾಲಮ್ಮಿಗೆ ಬೆರಳಿಟ್ಟು ಕೇಳತೊಡಗಿದ. ಇದು ಖಾಲಿ ಇರಬಹುದಾ? ಫೋನ್ ನಂಬರು? ಇರಬಾರದು. ಎತ್ತರ? ಇರಬಹುದು, ಗಂಡಸರು ಹೇಗೂ ಎರಡಿಂಚು ಸೇರಿಸಿಯೇ ಹೇಳುವುದು. ಬಳಿ?

"ಬಳಿ ಖಾಲಿಯಾ! ನಮ್ಮಲ್ಲಿ ಬಳಿ ಇಲ್ಲದ ಮನುಷ್ಯ ಉಂಟಾ?" ಎಂದೆ.

"ಬಳಿ ಅಂದ್ರೆ ಎಂತ ಅಕ್ಕ?" ರೈಹಾನಾ ಕೇಳಿದಳು.

ಹೇಳಿದೆ. ನಮ್ಮ ತುಳುವರ ಅಳಿಯಕಟ್ಟಿನ ಮನೆಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಇರುತ್ತದೆ, ಮೂಲದ ಕುಟುಂಬದ ಹೆಸರು. ಅದು ಬರುವುದು ತಾಯಿಯಿಂದ. ನನ್ನ ತಾಯಿಯ ಬಳಿ ನನಗೆ ಬಂತು, ನನ್ನದು ನಿರೀಕ್ಷಾಳಿಗೆ ಬಂತು. ಮಸ್ಕತ್ತಿನಲ್ಲಿರುವ ನನ್ನ ಗಂಡನ ಬಳಿ ಅವರ ತಂಗಿಯ ಮಕ್ಕಳಿಗೆ ಹೋಯಿತು, ನಮ್ಮ ಮನೆಗೆ ಅದರಿಂದ ಏನೂ ಬರಲಿಲ್ಲ. ಒಂದೇ ಬಳಿಯವರು ಅಣ್ಣ ತಂಗಿಯರಿದ್ದ ಹಾಗೆ, ಅವರಲ್ಲಿ ಮದುವೆ ಆಗಕೂಡದು. ಸಂಬಂಧ ನೋಡುವಾಗ ಜಾತಕಕ್ಕಿಂತ ಮೊದಲು ಕೇಳುವ ಪ್ರಶ್ನೆ ಅದು.

ಡೆರಿಲ್ ಆ ಕಾಲಮ್ಮನ್ನು ಖಾಲಿ ಬಿಡಲಾಗದ ಹಾಗೆ ಬಿಗಿ ಮಾಡಿಕೊಟ್ಟ. ನಾನು ಮನೆಗೆ ಬಂದು ಹಳೆಯ ಪಟ್ಟಿಯಿಂದ ಒಬ್ಬೊಬ್ಬರನ್ನೇ ಹೊಸ ಟೇಬಲಿಗೆ ಸೇರಿಸತೊಡಗಿದೆ. ಮೂರು ಪ್ರಾಪ್ತಿಯರು ಒಬ್ಬಳಾದರು, ಮನಸ್ಸಿಗೆ ಹಾಯೆನಿಸಿತು. ಲತೀಶನ ಹೆಸರಿಗೆ ಬಂದಾಗ ಮಾತ್ರ ಯಂತ್ರ ತಗೊಳ್ಳಲೊಲ್ಲೆ ಎಂದಿತು.

ಲತೀಶನನ್ನು ನಾನು ಮರೆತಿರಲಿಲ್ಲ. ಮರೆತ ಹಾಗೆ ಇದ್ದೆ ಅಷ್ಟೆ. ತೊಕ್ಕೊಟ್ಟಿನ ಹುಡುಗ, ಮೂವತ್ತೆರಡು ವರ್ಷ. ಬಂದರಿನ ದಕ್ಕೆಯಲ್ಲಿ ಮೀನಿನ ಬೋಟುಗಳ ವಯರ್‌ಲೆಸ್, ಜಿಪಿಎಸ್ ಎಲ್ಲ ರಿಪೇರಿ ಮಾಡುತ್ತಾನೆ. ನಮ್ಮ ಆಫೀಸಿಗೆ ಬಂದಾಗಲೆಲ್ಲ ಇನ್ವರ್ಟರಿನದ್ದೋ ಕಂಪ್ಯೂಟರಿನದ್ದೋ ಒಂದು ವಯರು ಸರಿ ಮಾಡಿಯೇ ಹೋಗುತ್ತಾನೆ. ಅವನ ತಂದೆ ಸೇಸಪ್ಪಣ್ಣ ನಮ್ಮವರೇ. ಹಿಂದೆ ಗದಗಿನಲ್ಲಿ ಕ್ಯಾಂಟೀನ್ ಇಟ್ಟಿದ್ದಾಗ ಅಲ್ಲಿಯ ನೀಲವ್ವನನ್ನು ಮದುವೆಯಾಗಿ ಕರೆದುಕೊಂಡು ಬಂದರು. ನೀಲವ್ವನ ಕಡೆ ಬಳಿ ಎಂಬುದೇ ಇಲ್ಲ. ತಾಯಿಗೆ ಇಲ್ಲದ ಮೇಲೆ ಮಗನಿಗೆ ಎಲ್ಲಿಂದ ಬರಬೇಕು?

ಎಷ್ಟೋ ಮನೆಗಳಲ್ಲಿ ಹುಡುಗ ಒಪ್ಪಿಗೆಯಾಗಿ, ನಗುನಗುತ್ತಾ ಮಾತಾಡಿ, ಬಳಿಯ ಪ್ರಶ್ನೆ ಬಂದ ಕೂಡಲೇ ಮಾತು ನಿಂತಿತ್ತು. ಯಾರದಾದರೂ ಬಳಿಗೆ ಸೇರಿಸಿಕೊಳ್ಳುವ ಶಾಸ್ತ್ರ ಮಾಡಿಸಿ ಎಂದು ಕೆಲವರು ಹೇಳಿದರು. ಲತೀಶ್ ಒಪ್ಪಲಿಲ್ಲ. "ನನ್ನ ಅಮ್ಮನಿಗೆ ಊರಿಲ್ವಾ, ಜನ ಇಲ್ವಾ? ಅದನ್ನು ಅಡಗಿಸಿ ನಾನು ಮದುವೆ ಆಗುವುದು ಬೇಡ ಅಕ್ಕ," ಎಂದಿದ್ದ. ನೀಲವ್ವ ಮಾತ್ರ ಪ್ರತಿ ಸಲ ತೊಕ್ಕೊಟ್ಟಿನಿಂದ ಹೊಳೆಯ ಸೇತುವೆ ದಾಟಿ ಬಸ್ಸಿನಲ್ಲಿ ಬಂದು ನನ್ನೆದುರು ಕೂತು ಅದೇ ಮಾತು ಹೇಳುತ್ತಿದ್ದರು. "ನನ್ನ ಮಗನ ಹಾದಿಗೆ ನಾನೇ ಅಡ್ಡ ಕುಂತೀನಿ ನೋಡ್ರಿ ಅಕ್ಕಾರ. ನಾ ತಾಯಿ ಆಗಿದ್ದೇ ತಪ್ಪಾತು ಅವಗ." ಮಗನಿಗೆ ಹುಡುಗಿ ಸಿಗುವುದಕ್ಕಿಂತ ಹೆಚ್ಚಾಗಿ, ಅಡ್ಡ ಕೂತದ್ದು ನೀವಲ್ಲ ಎಂದು ಯಾರಾದರೂ ಆ ಹೆಂಗಸಿಗೆ ಹೇಳಬೇಕಿತ್ತು.

ಸೇರಿಸಲಿಕ್ಕಾಗದ್ದನ್ನು ನಾನು ಬಿಟ್ಟು ಮುಂದೆ ಹೋಗುವವಳಿದ್ದೆ. ಹಿಂದಿನಿಂದ ನೋಡುತ್ತಿದ್ದ ನಿರೀಕ್ಷಾ ಬಿಡಲಿಲ್ಲ. "ಅವರನ್ನು ಸೇರಿಸ್ಲಿಕ್ಕೆ ಆಗದಿದ್ರೆ ನಿನ್ನ ಡೇಟಾಬೇಸ್ ಎಂತದ್ದು ಅಮ್ಮ? ಅವರು ಮನುಷ್ಯ ಅಲ್ವಾ?"

"ನಿನಗೆ ಎಂತಕ್ಕೆ ಅಷ್ಟು ಬಿಸಿ?" ಎಂದೆ. ಅವಳು ಬಟ್ಟೆ ಒಗೆಯಲು ಹೋದಳು.

ಮುಂದಿನ ಶನಿವಾರ ಡೆರಿಲ್ ಬಿಗಿ ಸಡಿಲಿಸಿ ಕೊಟ್ಟ. "ಈಗ ಖಾಲಿ ಬಿಡಬಹುದು. ಆದ್ರೆ ಹೇಮಕ್ಕ, ಈ ಖಾಲಿಗೆ ನಲ್ ಅಂತ ಹೇಳ್ತಾರೆ. ಅದು ಸೊನ್ನೆ ಅಲ್ಲ. ಅದರ ಬಗ್ಗೆ ಎಂತ ಕೇಳಿದ್ರೂ ಹೌದು ಅಂತ್ಲೂ ಬರುವುದಿಲ್ಲ, ಅಲ್ಲ ಅಂತ್ಲೂ ಬರುವುದಿಲ್ಲ. ಸ್ವಲ್ಪ ಜಾಗ್ರತೆ." ನಾನು ಹೂಂ ಎಂದೆ. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಮೇಲೆ ಬರುತ್ತಿತ್ತು. ನನ್ನ ಅರ್ಧ ಕಿವಿ ಅಲ್ಲಿಗೇ ಹೋಗಿತ್ತು.

ಎಲ್ಲ ತಯಾರಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಲತೀಶನನ್ನೂ ನೀಲವ್ವನನ್ನೂ ಕರೆಸಿದೆ. ಹೊಸ ಯಂತ್ರದಲ್ಲಿ ಮೊದಲ ಸಂಬಂಧ ಅವನಿಗೇ ಹುಡುಕಬೇಕೆಂದು ಆಸೆ. ನೀಲವ್ವ ಇಳಕಲ್ ಸೀರೆ ಉಟ್ಟು, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ನಾನು ಜಂಬದಿಂದ ಅವನ ಹೆಸರು ಒತ್ತಿದೆ. ವಯಸ್ಸು, ಓದು, ಊರು ಎಲ್ಲ ಹೊಂದಬೇಕು, ಬಳಿ ಬೇರೆ ಇರಬೇಕು, ಅಂಥ ಹುಡುಗಿಯರನ್ನೆಲ್ಲ ತೋರಿಸು ಎಂದು ಕೇಳಿದೆ. ಯಂತ್ರಕ್ಕೆ ಹೀಗೆ ಕೇಳುವ ಪ್ರಶ್ನೆಗೆ ಡೆರಿಲ್ ಕ್ವೆರಿ ಎನ್ನುತ್ತಾನೆ.

ಪರದೆ ಬೆಳ್ಳಗೆ ನಿಂತಿತು. ಕೆಳಗೆ ಒಂದು ಸೊನ್ನೆ. ಮತ್ತೆ ಒತ್ತಿದೆ. ಮತ್ತೆ ಸೊನ್ನೆ. ವಯಸ್ಸು ತೆಗೆದೆ, ಓದು ತೆಗೆದೆ, ಊರು ತೆಗೆದೆ. ನನ್ನ ಹತ್ತಿರ ಇದ್ದ ಅಷ್ಟೂ ಹುಡುಗಿಯರಲ್ಲಿ ಒಬ್ಬಳೂ ಬರಲಿಲ್ಲ.

"ಇಷ್ಟು ಬೇಗ ಯಾರೂ ಬೇಡ ಅಂದಿರ್ಲಿಲ್ಲ ಅಕ್ಕ," ಲತೀಶ್ ನಕ್ಕ. "ಉಳಿದವರು ಮೊದಲು ಚಾ ಆದ್ರೂ ಕೊಡ್ತಾರೆ."

ನೀಲವ್ವ ನಗಲಿಲ್ಲ. ಪರದೆಯನ್ನೇ ನೋಡುತ್ತಾ, "ಮಷಿನ್ನಿಗೂ ಗೊತ್ತಾತು ನೋಡ್ರಿ," ಎಂದರು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಎದ್ದರು. ಹೋಳಿಗೆಯ ಡಬ್ಬಿ ಅಲ್ಲೇ ಉಳಿಯಿತು. ನನಗೆ ಎಷ್ಟು ಸಂಕಟವಾಯಿತೆಂದರೆ ಗೇಟಿನವರೆಗೂ ಹೋಗಿ ಹಾಗೇ ವಾಪಸು ಬಂದೆ. ಒಳಗೆ ನಿರೀಕ್ಷಾ ನನ್ನ ಮುಖ ನೋಡದೆ, "ಒಳ್ಳೆ ಕೆಲಸ ಮಾಡಿದ್ದೀ," ಎಂದಳು.

ನನ್ನ ಸಂಕಟ ಮಧ್ಯಾಹ್ನದೊಳಗೆ ಕೋಪವಾಯಿತು, ಆ ಕೋಪವನ್ನು ಹೊತ್ತುಕೊಂಡು ಡೆರಿಲನ ಮಹಡಿ ಹತ್ತಿದೆ. ಕ್ಲಾಸು ಶುರುವಾಗಿತ್ತು. "ಎಂತ ಕಲಿಸಿದ್ದು ಮಾರಾಯ ನೀನು? ಒಬ್ಬಳು ತಾಯಿಯ ಕಣ್ಣಲ್ಲಿ ನೀರು ಹಾಕಿಸಿತು ನಿನ್ನ ಕ್ವೆರಿ!" ಎಂದು ಬಾಗಿಲಲ್ಲೇ ಕೂಗಿದೆ.

ಡೆರಿಲ್ ನನ್ನನ್ನು ಕೂರಿಸಿದ. ನೀರು ಕೊಟ್ಟ. "ಅದರ ಹತ್ರ ನೀವು ಎಂತ ಕೇಳಿದ್ದು?"

"ಹುಡುಗನ ಬಳಿಯೂ ಹುಡುಗಿಯ ಬಳಿಯೂ ಬೇರೆ ಉಂಟಾ ಅಂತ."

"ಹುಡುಗನ ಬಳಿ ಖಾಲಿ. ಬೇರೆ ಉಂಟಾ ಅಂತ ಕೇಳಿದ್ರೆ ಅದು ಹೇಗೆ ಹೇಳ್ಬೇಕು? ಗೊತ್ತಿಲ್ಲ ಅಂತದೆ. ಹೌದು ಅಂತ ಉತ್ತರ ಬಂದವರನ್ನು ಮಾತ್ರ ಅದು ತೋರಿಸುವುದು. ಗೊತ್ತಿಲ್ಲ ಅಂದ್ರೆ ಹೊರಗೆ. ನಾನು ಆವತ್ತು ಹೇಳಿದ್ದೆ." ಆಮೇಲೆ ನನ್ನ ಕಡೆ ಬಗ್ಗಿ ಕೇಳಿದ. "ಯಂತ್ರ ಬಿಡಿ ಹೇಮಕ್ಕ. ನಿಮ್ಮ ಹಿರಿಯರು ಮಾಡಿದ ನಿಯಮ ಎಂತ? ಅದನ್ನು ಹಾಗೇ ಹೇಳಿ."

"ಒಂದೇ ಬಳಿಯವರು ಮದುವೆ ಆಗಬಾರದು."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಒಂದೇ ಬಳಿಯವರನ್ನು ಮಾತ್ರ ತೆಗೆದುಹಾಕು ಅಂತ ಕೇಳಬೇಕಿತ್ತು. ನೀವು ಅದನ್ನು ಕೇಳ್ಲಿಲ್ಲ. ಬೇರೆ ಬಳಿ ಇದ್ದದ್ದನ್ನು ತೋರಿಸಿಕೊಡು ಅಂತ ಕೇಳಿದ್ರಿ. ಬಳಿಯೇ ಇಲ್ಲದವ ಎಂತ ತೋರಿಸ್ತಾನೆ?"

ನಾನು ಗ್ಲಾಸು ಕೆಳಗಿಟ್ಟೆ. ಯಂತ್ರವನ್ನು ಬೈಯಲು ಬಂದವಳಿಗೆ ಬೈಯಲು ಯಾರೂ ಉಳಿಯಲಿಲ್ಲ. ನಾನು ಕೇಳಿದ ಪ್ರಶ್ನೆಯನ್ನೇ ಊರಿನ ಪ್ರತಿಯೊಂದು ಮನೆಯೂ ಅವನಿಗೆ ಕೇಳಿತ್ತು.

ರೈಹಾನಾ ಅಷ್ಟರಲ್ಲಿ ನನ್ನ ಹಳೆಯ ಚಿತ್ರವನ್ನು ಎಳೆದುಕೊಂಡು ನೋಡುತ್ತಿದ್ದಳು. "ಅಕ್ಕ, ನೀವೇ ಬಾಣ ಹಾಕಿದ್ದೀರಿ ನೋಡಿ. ಬಳಿ ಅಮ್ಮನಿಂದ ಮಕ್ಕಳಿಗೆ. ಅಪ್ಪನಿಂದ ಬಾಣವೇ ಇಲ್ಲ. ನಾಳೆ ಆ ಹುಡುಗನಿಗೆ ಮಕ್ಕಳಾದ್ರೆ ಅವರಿಗೆ ಯಾರ ಬಳಿ ಬರ್ತದೆ?"

"ಅವನ ಹೆಂಡತಿಯದ್ದು."

"ಮತ್ತೆ ಅವನಿಗೆ ಇಲ್ಲದಿದ್ರೆ ಯಾರಿಗೆ ಎಂತ ನಷ್ಟ?"

ಯಾರಿಗೂ ಏನೂ ಇಲ್ಲ. ಹಿರಿಯರ ಲೆಕ್ಕದಲ್ಲೇ ನೋಡಿದರೂ ಅವನ ಮಕ್ಕಳಿಗೆ ಒಂದು ಕೂದಲಷ್ಟೂ ಕೊರತೆ ಇಲ್ಲ. ಯಾರ ಬಳಿಯೂ ಅವನದಾಗಿರಲಿಲ್ಲ, ಹಾಗಾಗಿ ಅವನು ಯಾರಿಗೂ ಅಣ್ಣನಾಗುವಂತಿರಲಿಲ್ಲ. ಯಾವ ಹುಡುಗಿಗೂ ಆಗದು ಎಂದು ಎಲ್ಲರೂ ಎಬ್ಬಿಸಿ ಕಳಿಸಿದ ಹುಡುಗ, ಸರಿಯಾಗಿ ನೋಡಿದರೆ, ಎಲ್ಲ ಹುಡುಗಿಯರಿಗೂ ಆಗುವವನು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ರೈಹಾನಾಳನ್ನು ಕ್ಲಾಸಿನಲ್ಲೇ ತಬ್ಬಿಕೊಂಡೆ. ಡೆರಿಲ್ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಪ್ರಶ್ನೆಯನ್ನು ನಾನೇ ತಿದ್ದಿದೆ. ಒಂದೇ ಬಳಿಯವರನ್ನು ತೆಗೆ, ಉಳಿದವರನ್ನು ತೋರಿಸು. ನಾಲ್ಕು ಶಬ್ದ ಬದಲಾಯಿಸಲು ಅರ್ಧ ಗಂಟೆ ಬೇಕಾಯಿತು, ಆದರೆ ಮೌಸ್ ಮುಟ್ಟಲು ಡೆರಿಲನನ್ನು ಬಿಡಲಿಲ್ಲ.

ನೀಲವ್ವ ಮತ್ತೆ ಬರಲು ಒಪ್ಪಲಿಲ್ಲ. "ಸಾಕ್ರಿ ಅಕ್ಕಾರ, ಒಂದು ಸಲ ನೋಡಿದ್ದೇ ಸಾಕು," ಎಂದರು ಫೋನಿನಲ್ಲಿ. ಬರದಿದ್ದರೆ ನಿಮ್ಮ ಡಬ್ಬಿ ಕೊಡುವುದಿಲ್ಲ ಎಂದು ಹೆದರಿಸಿದೆ. ಮರುದಿನ ಸಂಜೆ ಲತೀಶ್ ದಕ್ಕೆಯಿಂದ ನೇರ ಬಂದ, ಅಂಗಿಯಲ್ಲಿ ಡೀಸೆಲ್ ವಾಸನೆ. ನೀಲವ್ವ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತರು, ಬೇಗ ಎದ್ದು ಹೋಗಲು ಅನುಕೂಲವಾಗುವ ಹಾಗೆ. ನಿರೀಕ್ಷಾ ಕ್ಲಿನಿಕ್ಕಿನಿಂದ ಬಂದಿದ್ದಳು. ಆವತ್ತು ಅವಳಿಗೆ ಒಗೆಯಲು ಬಟ್ಟೆ ಇರಲಿಲ್ಲ.

ಮೊದಲು ನಾನು ನೀಲವ್ವನ ಎದುರು ಕೂತು ಹೇಳಬೇಕಾದ್ದನ್ನು ಹೇಳಿದೆ. ಬಳಿ ಹೆಣ್ಣಿನಿಂದ ಬರುವುದು, ನಿಮ್ಮ ಮೊಮ್ಮಕ್ಕಳಿಗೆ ಸೊಸೆಯಿಂದ ಬರುತ್ತದೆ, ನಿಮ್ಮ ಮಗನಿಗೆ ಇಲ್ಲದ್ದರಿಂದ ಯಾರ ಮನೆಯ ದೈವಕ್ಕೂ ದೇವರಿಗೂ ತೊಂದರೆ ಇಲ್ಲ. ನೀವು ಎಲ್ಲೂ ಅಡ್ಡ ಕೂತಿಲ್ಲ. ನಾವು ತಪ್ಪು ಪ್ರಶ್ನೆ ಕೇಳಿದ್ದೆವು. ಅವರು ನಂಬಲೋ ಬೇಡವೋ ಎಂಬ ಹಾಗೆ ನನ್ನನ್ನು ನೋಡಿದರು. ನಾನು ಕಂಪ್ಯೂಟರಿನ ಕಡೆ ತಿರುಗಿ ಒತ್ತಿದೆ.

ಪರದೆಯ ಮೇಲಿಂದ ಕೆಳಗಿನವರೆಗೆ ಹೆಸರುಗಳು ತುಂಬಿದವು. ನೀಲವ್ವ ಕುರ್ಚಿ ಬಿಟ್ಟು ಎದ್ದು ಬಂದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದತೊಡಗಿದರು. "ಚೈತಾಲಿ. ದಮಯಂತಿ. ಮೋಕ್ಷಾ. ಅಯ್ಯ, ಎಷ್ಟ್ ಮಂದಿ ಅದಾರಲ್ಲೋ ಲತೀಶಾ!" ಅವರ ದನಿ ಏರುತ್ತಾ ಹೋಯಿತು. ಒಂದೊಂದು ಹೆಸರಿಗೂ ಒಮ್ಮೆ ಮಗನ ಮುಖ ನೋಡುತ್ತಿದ್ದರು. "ನಿರೀಕ್ಷಾ," ಎಂದು ಓದಿ ನಿಲ್ಲಿಸಿದರು.

ಕಲಿಯುವಾಗ ಮೊದಲು ಕೈಗೆ ಬಂದ ಹೆಸರು ಹಾಕಿ ನೋಡುವುದಿಲ್ಲವೇ, ಹಾಗೆ ನಾನು ನನ್ನ ಮಗಳನ್ನು ಹಾಕಿದ್ದೆ. ವಯಸ್ಸು, ಓದು, ಬಳಿ ಎಲ್ಲ ಸರಿಯಾಗಿಯೇ ತುಂಬಿಸಿದ್ದೆ. ತೆಗೆಯಲು ಮರೆತಿದ್ದೆ.

"ಅದು ಟೆಸ್ಟಿಂಗಿಗೆ ಹಾಕಿದ್ದು," ಎಂದೆ. ಮಾತು ನನಗಿಂತ ಮೊದಲು ಬಾಯಿಂದ ಹೊರಗೆ ಬಿದ್ದಿತ್ತು.

"ಗೊತ್ತುಂಟು ಅಕ್ಕ, ಬೇಜಾರಿಲ್ಲ," ಎಂದ ಲತೀಶ್, ಬಹಳ ಮರ್ಯಾದೆಯಿಂದ. ಎಷ್ಟೋ ಮನೆಗಳ ಜಗಲಿಯಲ್ಲಿ ಅವನು ಇದೇ ಮಾತನ್ನು ಇದೇ ಮರ್ಯಾದೆಯಿಂದ ಹೇಳಿರಬೇಕು. ನೀಲವ್ವ ಬೆರಳನ್ನು ಪರದೆಯಿಂದ ತೆಗೆದು ಮುಂದಿನ ಹೆಸರಿಗೆ ಹೋಗದೆ ಹಾಗೇ ನಿಂತರು.

"ಟೆಸ್ಟಿಂಗ್ ಅಲ್ಲ," ನಿರೀಕ್ಷಾ ಹೇಳಿದಳು. ಅವಳ ಕಿವಿ ಕೆಂಪಾಗಿತ್ತು. ಅವಳು ನನ್ನ ಕಡೆ ನೋಡದೆ ಲತೀಶನನ್ನೇ ಕೇಳಿದಳು. "ನಿಮಗೆ ಅಡ್ಡಿ ಉಂಟಾ?"

ದಕ್ಕೆಯಲ್ಲಿ ಇಡೀ ದಿನ ಬೊಬ್ಬೆ ಹೊಡೆಯುವ ಲತೀಶ್ ತಲೆ ಮಾತ್ರ ಅಡ್ಡ ಆಡಿಸಿದ. ಅಡ್ಡಿ ಇಲ್ಲ ಎಂದೇ ಅದರ ಅರ್ಥವೆಂದು ಅವನ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಇನ್ವರ್ಟರಿನ ವಯರು ಅಷ್ಟು ಸಲ ಯಾಕೆ ಹಾಳಾಗುತ್ತಿತ್ತು ಎಂದೂ ನನಗೆ ಆಗಲೇ ತಿಳಿದದ್ದು.

ನಾನು ಒಂದು ನೆಪ ಹುಡುಕಿದೆ, ನಿಜ ಹೇಳುತ್ತೇನೆ. ವಯಸ್ಸು ಸರಿ ಇತ್ತು. ಕೆಲಸ ಸರಿ ಇತ್ತು. ಮಸ್ಕತ್ತಿಗೆ ಫೋನ್ ಮಾಡಿ ಕೇಳಬೇಕು ಎನ್ನೋಣವೆಂದರೆ, ನನ್ನ ಗಂಡ ಇವತ್ತಿನವರೆಗೆ ನನ್ನ ಯಾವ ಮಾತಿಗೂ ಬೇಡ ಅಂದವರಲ್ಲ. ಊರಿನವರು ಏನೆಂದಾರು ಎಂಬುದೊಂದು ಉಳಿದಿತ್ತು. ಹತ್ತು ನಿಮಿಷದ ಹಿಂದೆ ಆ ಊರಿನವರಿಗೇ ತಪ್ಪು ತೋರಿಸಿ ಭಾಷಣ ಮಾಡಿದ್ದ ನನಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ನೀಲವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ನನ್ನೆದುರು ಬಂದು ನಿಂತರು. ಬಾಗಿಲ ಹತ್ತಿರ ಕೂತಿದ್ದ ಹೆಂಗಸೇ ಅಲ್ಲ ಅದು, ಬೆನ್ನು ನೆಟ್ಟಗಾಗಿತ್ತು. ಗಂಡಿನ ತಾಯಿ ಕೇಳುವ ಹಾಗೆ ಕೇಳಿದರು. "ಹುಡುಗಿ ತಾಯಿ ಏನಂತಾರ್ರಿ? ಒಪ್ಪಿಗಿ ಐತೇನು?"

ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷ ಬೇರೆ ತಾಯಂದಿರ ಹತ್ತಿರ ಕೇಳಿದ್ದೇನೆ. ಉತ್ತರಕ್ಕೆ ಅವರು ಯಾಕೆ ಅಷ್ಟು ಹೊತ್ತು ಸೆರಗಿನ ತುದಿ ಮಡಚುತ್ತಾರೆ ಎಂದು ಕೂತಲ್ಲೇ ಸಿಡುಕಿದ್ದೇನೆ. ನೋಡಿದರೆ ನನ್ನ ಕೈಯಲ್ಲೂ ಸೆರಗಿನ ತುದಿ ಇತ್ತು. ನಿರೀಕ್ಷಾ ಈಗ ನನ್ನನ್ನೇ ನೋಡುತ್ತಿದ್ದಳು.

"ಉಂಟು," ಎಂದೆ.